ಒಟ್ಟು 96, ಮಾತಿಗೆ 20: ಒಂದು ಪಿಎಚ್.ಡಿ ಅರ್ಜಿಯ ಪ್ರಕರಣ

ತಿಪಟೂರು ಕಡೆಯ ಹುಡುಗಿ. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿ, ಬಿಎಸ್ಸಿ ತುಮಕೂರಿನಲ್ಲಿ. ಎಂಎಸ್ಸಿ ರಸಾಯನಶಾಸ್ತ್ರ, ಅದೂ ನಮ್ಮ ರಾಜ್ಯದ್ದೇ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಅಂಕಗಳು ಚೆನ್ನಾಗಿವೆ, ಪ್ರಾಜೆಕ್ಟ್ ಕೆಲಸ ಇನ್ನೂ ಚೆನ್ನಾಗಿದೆ. ಅಮೆರಿಕದಲ್ಲಿ ಪಿಎಚ್.ಡಿ ಮಾಡಬೇಕೆಂದು 2023ರ ಸೆಪ್ಟೆಂಬರಿನಲ್ಲಿ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದಳು. 120ಕ್ಕೆ 96 ಬಂತು. ಅವಳ ಪಟ್ಟಿಯಲ್ಲಿ ಮೊದಲಿದ್ದ ವಿಶ್ವವಿದ್ಯಾಲಯ ಕೇಳಿದ್ದು 80. ಹದಿನಾರು ಅಂಕ ಜಾಸ್ತಿಯೇ ಇದೆ, ಇಂಗ್ಲಿಷಿನ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಅವಳ ಫೈಲಿನ ಮೇಲೆ ‘ಇಂಗ್ಲಿಷ್: ಓಕೆ’ ಎಂದು ಟಿಕ್ ಹಾಕಿದ್ದರು.

2024ರ ಫೆಬ್ರವರಿಯಲ್ಲಿ ಆ ವಿಭಾಗದಿಂದ ಮೇಲ್ ಬಂತು. ಅರ್ಜಿ ಸಮಿತಿಗೆ ಹಿಡಿಸಿದೆ, ಸೇರಿಸಿಕೊಳ್ಳುವ ಮನಸ್ಸಿದೆ. ಆದರೆ ಟೋಫೆಲ್‌ನ ಮಾತಿನ ಭಾಗದಲ್ಲಿ 20 ಇದೆ, ನಮಗೆ 24 ಬೇಕು, ಮತ್ತೆ ಬರೆಯಲು ಸಾಧ್ಯವೇ ಎಂದು ಕೇಳಿದ್ದರು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಹೊರದೇಶಕ್ಕೆ ಅರ್ಜಿ ಹಾಕುವ ಮಕ್ಕಳ ಕಾಗದಪತ್ರ ನೋಡಿಕೊಡುತ್ತೇನೆ. ಈ ಪ್ರಕರಣವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಅಲ್ಲಲ್ಲಿ ಸಣ್ಣ ವಿವರ ಬದಲಿಸಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನೂ ಹೇಳುವುದಿಲ್ಲ. ಅಮೆರಿಕದ ನಡುಭಾಗದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಅಂದುಕೊಂಡರೆ ಸಾಕು.

ಮೇಲ್ ಬಂದ ದಿನ ಅವಳು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ವೆಬ್‌ಸೈಟಿನಲ್ಲಿ 80 ಅಂತ ತಾನೇ ಇತ್ತು? ಇದ್ದಕ್ಕಿದ್ದಂಗೆ 24 ಎಲ್ಲಿಂದ ಬಂತು?”

24 ಇದ್ದಕ್ಕಿದ್ದಂತೆ ಬಂದದ್ದಲ್ಲ. ಮೊದಲಿನಿಂದಲೂ ಇತ್ತು, ಬೇರೆ ಪುಟದಲ್ಲಿತ್ತು. 80 ಅನ್ನುವುದು ಗ್ರಾಜುಯೇಟ್ ಸ್ಕೂಲಿನ ನಿಯಮ, ಅಂದರೆ ಇಡೀ ವಿಶ್ವವಿದ್ಯಾಲಯಕ್ಕೆ ಅನ್ವಯಿಸುವ ಕನಿಷ್ಠ. 24 ಅನ್ನುವುದು ಟೀಚಿಂಗ್ ಅಸಿಸ್ಟೆಂಟ್ (ಟಿಎ) ಕೆಲಸದ ನಿಯಮ. ಎರಡನ್ನೂ ನೋಡಿಕೊಳ್ಳುವ ಕಚೇರಿಗಳು ಬೇರೆ, ಎರಡರ ಉದ್ದೇಶವೂ ಬೇರೆ. ಕನ್ಸಲ್ಟೆನ್ಸಿಯವರು ನೋಡಿದ್ದು ಮೊದಲನೆಯದನ್ನು ಮಾತ್ರ. ನಮ್ಮ ಕಡೆಯ ಹೆಚ್ಚಿನವರು ನೋಡುವುದೂ ಅಷ್ಟೇ.

ಅಮೆರಿಕದಲ್ಲಿ ವಿಜ್ಞಾನದ ಪಿಎಚ್.ಡಿಗೆ ಸಾಮಾನ್ಯವಾಗಿ ಕೈಯಿಂದ ಫೀಸು ಕಟ್ಟುವುದಿಲ್ಲ. ಫೀಸು ಮನ್ನಾ ಆಗುತ್ತೆ, ಮೇಲೆ ತಿಂಗಳಿಗೆ ಸ್ಟೈಪೆಂಡ್ ಬರುತ್ತೆ. ಈ ಹಣ ಸುಮ್ನೆ ಬರುವುದಿಲ್ಲ. ರಸಾಯನಶಾಸ್ತ್ರ ವಿಭಾಗಗಳಲ್ಲಿ ಮೊದಲ ವರ್ಷದವರು ಸಾಮಾನ್ಯವಾಗಿ ಟಿಎ ಆಗುತ್ತಾರೆ, ಅಂದರೆ ಪದವಿ ಮಕ್ಕಳಿಗೆ ಜನರಲ್ ಕೆಮಿಸ್ಟ್ರಿ ಲ್ಯಾಬ್ ನಡೆಸುತ್ತಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಟಿಎ ಕೆಲಸ ಆ ಮಿತಿಯೊಳಗೇ ಬರುತ್ತೆ. ಗೈಡ್ ಸಿಕ್ಕಿ, ಅವರ ಪ್ರಾಜೆಕ್ಟಿನಿಂದ ಹಣ ಬರಲು ಶುರುವಾಗುವುದು ಆಮೇಲೆ.

ಹಾಗಾಗಿ ಮಾತಿನ ಅಂಕ ಕಡಿಮೆಯಾದರೆ ಟಿಎ ಕೆಲಸ ಇಲ್ಲ. ಟಿಎ ಇಲ್ಲದಿದ್ದರೆ ಸ್ಟೈಪೆಂಡ್ ಇಲ್ಲ. ಮುಂದಿನ ಕೊಂಡಿಯನ್ನು ಬಹಳ ಜನ ಯೋಚಿಸುವುದೇ ಇಲ್ಲ. ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಮೊದಲ ವರ್ಷದ ಖರ್ಚಿಗೆ ಹಣ ಎಲ್ಲಿಂದ ಬರುತ್ತೆ ಎಂದು ತೋರಿಸಬೇಕು. ಸ್ಟೈಪೆಂಡ್ ಇದ್ದರೆ ಅದನ್ನೇ ಅಲ್ಲಿ ಬರೆಯುತ್ತಾರೆ. ಇಲ್ಲದಿದ್ದರೆ ಮನೆಯವರು ಬ್ಯಾಂಕ್ ಕಾಗದ ತರಬೇಕು. ಎರಡು ಎಕರೆ ತೆಂಗಿನ ತೋಟ ಇರುವ ಮನೆಯಿಂದ ಅಷ್ಟು ಹಣ ತೋರಿಸುವುದು ಆಗದ ಮಾತು. ಮಾತಿನ ಭಾಗದಲ್ಲಿ ನಾಲ್ಕು ಅಂಕ ಕಡಿಮೆ ಅನ್ನುವುದು ಕೊನೆಗೆ ವೀಸಾವನ್ನೂ ತಡೆಯಬಹುದಿತ್ತು.

ಈ ನಿಯಮ ಬಂದದ್ದೇಕೆ ಅನ್ನುವುದಕ್ಕೂ ಹಿನ್ನೆಲೆ ಇದೆ. 1980ರ ದಶಕದಲ್ಲಿ ಅಮೆರಿಕದ ಪದವಿ ತರಗತಿಗಳಲ್ಲಿ ಹೊರದೇಶದ ಟಿಎಗಳು ಹೆಚ್ಚಾದರು. ಅವರು ಹೇಳುವುದು ಅರ್ಥವಾಗುವುದಿಲ್ಲ ಎಂದು ಮಕ್ಕಳು, ತಂದೆತಾಯಿಯರು ದೂರು ಕೊಟ್ಟರು. ಆ ದೂರುಗಳಲ್ಲಿ ಎಷ್ಟು ನಿಜ, ಎಷ್ಟು ಪೂರ್ವಗ್ರಹ ಅನ್ನುವುದು ಬೇರೆ ಚರ್ಚೆ. ಒಂದರ ಹಿಂದೆ ಒಂದು ರಾಜ್ಯ ಕಾನೂನು ಮಾಡಿದವು. ಇಲಿನಾಯ್ ರಾಜ್ಯ 1986ರಲ್ಲಿ ಮಾಡಿದ ಕಾನೂನಿನ ಪ್ರಕಾರ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ತರಗತಿಯಲ್ಲಿ ಪಾಠ ಮಾಡುವವರ ಇಂಗ್ಲಿಷ್ ಮಾತನ್ನು ಪರೀಕ್ಷಿಸಲೇಬೇಕು. ಅರ್ಬಾನಾ-ಶಾಂಪೇನಿನ ಇಲಿನಾಯ್ ವಿಶ್ವವಿದ್ಯಾಲಯ ಹಳೆಯ ಅಳತೆಯಲ್ಲಿ (ಟೋಫೆಲ್ ಈಗ ಬದಲಾಗಿದೆ, ಅದನ್ನು ಕೊನೆಗೆ ಹೇಳುತ್ತೇನೆ) ಟಿಎಗಳಿಗೆ ಇಟ್ಟದ್ದು ಟೋಫೆಲ್ ಮಾತಿಗೆ 24, ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಮಾತಿಗೆ 8. ಅದೂ ಇಲ್ಲದವರಿಗೆ ಕ್ಯಾಂಪಸ್ಸಿನಲ್ಲೇ ಒಂದು ಮಾತಿನ ಸಂದರ್ಶನ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲೂ ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯಲ್ಲೂ ಟಿಎಗಳಿಗಾಗಿ ತಮ್ಮದೇ ಮಾತಿನ ಪರೀಕ್ಷೆಗಳಿವೆ.

ನನ್ನನ್ನು ಕೇಳಿದರೆ ಈ ನಿಯಮದಲ್ಲಿ ತಪ್ಪಿಲ್ಲ. ಲ್ಯಾಬಿನಲ್ಲಿ ಇಪ್ಪತ್ತು ಮಕ್ಕಳಿಗೆ “ಆಸಿಡ್‌ಗೆ ನೀರು ಸುರಿಯಬೇಡಿ, ನೀರಿಗೆ ಆಸಿಡ್ ಸುರಿಯಿರಿ” ಎಂದು ಹೇಳಬೇಕು, ಅದು ಅವರಿಗೆ ಮೊದಲ ಸಲಕ್ಕೇ ಅರ್ಥವಾಗಬೇಕು. ತಪ್ಪಿರುವುದು ಅದನ್ನು ಇಟ್ಟ ಜಾಗದಲ್ಲಿ. ಅರ್ಜಿದಾರರು ಓದುವ ಪುಟದಲ್ಲಿ 80 ದಪ್ಪಕ್ಷರದಲ್ಲಿ ಇರುತ್ತೆ. 24 ವಿಭಾಗದ ಟಿಎ ಕೈಪಿಡಿಯಲ್ಲಿ ಇರುತ್ತೆ. ಸೇರಿಕೊಂಡ ಮೇಲೆ ಓದುವ ಕೈಪಿಡಿ ಅದು, ಅದಕ್ಕಿಂತ ಮೊದಲು ಯಾರು ತೆರೆಯುತ್ತಾರೆ?

ಇನ್ನು ಅಂಕಪಟ್ಟಿಯನ್ನೇ ನೋಡೋಣ. ಓದು 27, ಕೇಳುವುದು 25, ಮಾತು 20, ಬರಹ 24. ಆಗ ಪ್ರತಿ ಭಾಗಕ್ಕೂ 30 ಅಂಕ. ಇದು ಒಬ್ಬಳ ಕಥೆ ಮಾತ್ರ ಅಲ್ಲ, ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಬರುವ ಎಷ್ಟೋ ಮಕ್ಕಳ ಅಂಕಪಟ್ಟಿ ಹೀಗೇ ಇರುತ್ತೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಆದರೆ ಮಾತಾಡಿದ್ದು ಎಲ್ಲಿ? ಎಂಎಸ್ಸಿ ತರಗತಿಯಲ್ಲಿ ಮೇಷ್ಟ್ರು ಪಾಠವನ್ನು ಕನ್ನಡ ಇಂಗ್ಲಿಷ್ ಬೆರೆಸಿ ವಿವರಿಸುತ್ತಾರೆ. ಅದು ಒಳ್ಳೆಯದೇ, ವಿಷಯ ತಲೆಗೆ ಹೋಗುತ್ತೆ. ಮಕ್ಕಳ ಪಾಲಿಗೆ ಬರುವ ಒಂದೇ ಇಂಗ್ಲಿಷ್ ಮಾತು ಸೆಮಿನಾರ್. ಅಲ್ಲಿ ಸ್ಲೈಡ್ ನೋಡಿಕೊಂಡು ಓದಿಬಿಡುತ್ತಾರೆ. ವೈವಾದಲ್ಲಿ ಸಿಕ್ಕಿಕೊಂಡರೆ “ಕನ್ನಡದಲ್ಲೇ ಹೇಳಮ್ಮ” ಎಂದು ಪರೀಕ್ಷಕರೇ ಬಿಡುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಬಿಟ್ಟಿದ್ದೇನೆ, ಇನ್ನು ಮುಂದೆಯೂ ಬಿಡುತ್ತೇನೆ.

ಎಂಎಸ್ಸಿಯ ಮಾಧ್ಯಮ ಇಂಗ್ಲಿಷ್ ಎಂದು ವಿಶ್ವವಿದ್ಯಾಲಯದಿಂದ ಪತ್ರ ತಂದುಕೊಟ್ಟರೆ ಆಗುವುದಿಲ್ಲವೇ ಎಂದು ಅವಳ ಅಣ್ಣ ಕೇಳಿದ. ಕೆಲವು ದೇಶಗಳಲ್ಲಿ, ಕೆಲವು ವಿಶ್ವವಿದ್ಯಾಲಯಗಳಲ್ಲಿ ಆ ಪತ್ರ ನಡೆಯುತ್ತೆ. ಬ್ರಿಟನ್ನಿನ ಕೆಲವು ಕಡೆ ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕಗಳನ್ನೂ ನೋಡುತ್ತಾರೆ. ಆದರೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾದವರ ಪಟ್ಟಿಯಲ್ಲಿ ಭಾರತದ ಹೆಸರನ್ನೇ ಹಾಕಿತ್ತು. ಅಲ್ಲಿನ ಕನಿಷ್ಠ ಹಳೆಯ ಟೋಫೆಲ್ ಅಳತೆಯಲ್ಲಿ 90, ಐಇಎಲ್‌ಟಿಎಸ್ 7. ಈ ಪ್ರಕರಣದಲ್ಲಂತೂ ಪತ್ರದಿಂದ ಏನೂ ಆಗುವುದಿಲ್ಲ. ಓದಿದ ಭಾಷೆ ಯಾವುದು ಎಂದು ಪತ್ರ ಹೇಳುತ್ತೆ. ವಿಭಾಗಕ್ಕೆ ಬೇಕಾದದ್ದು ಅವಳು ಪಾಠ ಹೇಳಬಲ್ಲಳಾ ಅನ್ನುವ ಪ್ರಶ್ನೆಗೆ ಉತ್ತರ.

ಮುಂದಿದ್ದ ದಾರಿಗಳು ಕೆಲವೇ. ಅಂಕವನ್ನು ಮರುಪರಿಶೀಲನೆಗೆ ಹಾಕುವ ಅವಧಿ ಮುಗಿದುಹೋಗಿತ್ತು, ಅದು ಪರೀಕ್ಷೆಯಾದ 30 ದಿನದೊಳಗೆ ಆಗಬೇಕು. ಐಇಎಲ್‌ಟಿಎಸ್‌ಗೆ ಬದಲಾಯಿಸಬಹುದು. ಅಲ್ಲಿ ಎದುರಿಗೆ ಮನುಷ್ಯರು ಕೂತಿರುತ್ತಾರೆ, 11ರಿಂದ 14 ನಿಮಿಷ ಮಾತುಕತೆ, ಅವಳಿಗೆ ಅದು ಹಗುರ ಅನಿಸಬಹುದಿತ್ತು. ಕಂಪ್ಯೂಟರಿನಲ್ಲಿ ಬರೆದವರಿಗೆ ಒಂದೇ ಭಾಗವನ್ನು 60 ದಿನದೊಳಗೆ ಮತ್ತೆ ಬರೆಯುವ ಅವಕಾಶವೂ ಇದೆ, ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪದಿದ್ದರೂ. ಆದರೆ ಈ ವಿಭಾಗದವರು ಐಇಎಲ್‌ಟಿಎಸ್ ಮಾತಿಗೆ ಕೇಳಿದ್ದು 8. ಟೋಫೆಲ್ ನಡೆಸುವ ಇಟಿಎಸ್ ಸಂಸ್ಥೆಯ ಹೋಲಿಕೆ ಪಟ್ಟಿಯಲ್ಲಿ ಟೋಫೆಲ್ ಮಾತಿನ 24ಕ್ಕೆ ಸಮ ಎಂದು ಇದ್ದದ್ದು 7.5, 8ಕ್ಕೆ ಸಮ ಇದ್ದದ್ದು 26. ಅಂದರೆ ಒಂದೇ ವಿಭಾಗ ಒಂದೇ ಕೆಲಸಕ್ಕೆ ಎರಡು ಪರೀಕ್ಷೆಗಳಲ್ಲಿ ಎರಡು ಎತ್ತರದ ಗೆರೆ ಎಳೆದಿದೆ. ಇಂಥ ವ್ಯತ್ಯಾಸ ಬೇರೆ ಕಡೆಯೂ ಕಾಣುತ್ತೆ. ನಿಮಗೆ ಯಾವ ಪರೀಕ್ಷೆ ಸುಲಭ ಎನ್ನುವುದರ ಜೊತೆಗೆ, ನೀವು ಹೋಗಬೇಕಾದ ಕಡೆ ಯಾವ ಪರೀಕ್ಷೆಯ ಗೆರೆ ತಗ್ಗಿದೆ ಎನ್ನುವುದನ್ನೂ ನೋಡಬೇಕು. ನಾವು ಟೋಫೆಲ್ಲನ್ನೇ ಮತ್ತೆ ಬರೆಯುವುದು ಎಂದು ತೀರ್ಮಾನಿಸಿದೆವು. ಮತ್ತೆ ಹದಿನಾರು ಹದಿನೇಳು ಸಾವಿರ ರೂಪಾಯಿ. ಅದನ್ನು ಅಣ್ಣ ಕೊಟ್ಟ.

ಆಗಿನ ಟೋಫೆಲ್‌ನಲ್ಲಿ ಮಾತಿಗೆ ನಾಲ್ಕು ಪ್ರಶ್ನೆ, ಒಟ್ಟು ಸುಮಾರು 16 ನಿಮಿಷ. ಮೊದಲನೆಯದು ಸ್ವಂತ ಅಭಿಪ್ರಾಯ: 15 ಸೆಕೆಂಡ್ ಯೋಚನೆ, 45 ಸೆಕೆಂಡ್ ಮಾತು. ಉಳಿದ ಮೂರರಲ್ಲಿ ಏನನ್ನೋ ಓದಿ ಅಥವಾ ಕೇಳಿಸಿಕೊಂಡು 60 ಸೆಕೆಂಡಿನಲ್ಲಿ ಹೇಳಬೇಕು. ಎದುರಿಗೆ ಯಾರೂ ಇಲ್ಲ, ಮೈಕ್ ಮಾತ್ರ. ಅಂಕ ಕೊಡುವವರು ಮನುಷ್ಯರೂ ಹೌದು, ಯಂತ್ರವೂ ಹೌದು, ಎರಡನ್ನೂ ಸೇರಿಸಿ ಲೆಕ್ಕ.

ಅವಳ ಉತ್ತರಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಹೇಳಿದೆ. ಕೇಳಿದಾಗ ತೊಂದರೆ ನಾನು ಊಹಿಸಿದ ಜಾಗದಲ್ಲಿ ಇರಲಿಲ್ಲ. ಉಚ್ಚಾರದ್ದು ಇರಬಹುದು ಅಂದುಕೊಂಡಿದ್ದೆ. ಅದೂ ಸ್ವಲ್ಪ ಇತ್ತು. ನಮ್ಮ ಕಡೆ ‘ಎ’ ಇಂದ ಶುರುವಾಗುವ ಪದಕ್ಕೆ ಮುಂದೆ ಒಂದು ‘ಯ’, ‘ಓ’ ಇಂದ ಶುರುವಾಗುವುದಕ್ಕೆ ಒಂದು ‘ವ’ ಸೇರಿಕೊಳ್ಳುತ್ತೆ, ಯೆಲೆಕ್ಟ್ರಾನ್, ವೋನ್ಲಿ ಅನ್ನುತ್ತೇವೆ. ಕೇಳುವವರಿಗೆ ಅರ್ಥವಾದರೆ ಸಾಕು, ಅಮೆರಿಕನ್ನರ ಹಾಗೆ ಮಾತಾಡಬೇಕಿಲ್ಲ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟೆ. ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕು ಅನ್ನುವುದು ಮಾತ್ರ ಅದಕ್ಕಿಂತ ಮುಖ್ಯ. ನಾವು ಎಲ್ಲ ಅಕ್ಷರಕ್ಕೂ ಸಮವಾಗಿ ಒತ್ತು ಕೊಡುತ್ತೇವೆ, ಕೇಳುವ ಅಮೆರಿಕದ ಹುಡುಗನಿಗೆ ‘ಕ್ಯಾಟಲಿಸಿಸ್’ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಪಾಠಕ್ಕೆ ಬೇಕಾದ ಪದಗಳನ್ನು ಹೆಕ್ಕಿ ಅಷ್ಟನ್ನೇ ತಿದ್ದಿಕೊಂಡಳು.

ನಿಜವಾದ ತೊಂದರೆ ಎರಡು. ಒಂದು, ಕೋಚಿಂಗಿನಲ್ಲಿ ಕಲಿಸಿದ ಉರು ಹೊಡೆದ ವಾಕ್ಯ. ಯಾವ ಪ್ರಶ್ನೆ ಬಂದರೂ “ಈ ವಿಷಯದಲ್ಲಿ ಹಲವು ಕಾರಣಗಳಿಂದ ನನ್ನ ವೈಯಕ್ತಿಕ ಅಭಿಪ್ರಾಯ ಏನೆಂದರೆ” ಎಂಬ ಅರ್ಥದ ಒಂದು ಉದ್ದ ಇಂಗ್ಲಿಷ್ ಸಾಲು. 45 ಸೆಕೆಂಡಿನಲ್ಲಿ ಕಾಲು ಭಾಗ ಅದಕ್ಕೇ ಹೋಗುತ್ತಿತ್ತು. ಅದು ಮುಗಿದ ಮೇಲೆ ಒಂದು ದೊಡ್ಡ ಮೌನ. ಎರಡು, ಅವಳು ಮಾತಾಡುತ್ತಿದ್ದದ್ದು ಪಠ್ಯಪುಸ್ತಕದ ಇಂಗ್ಲಿಷ್. ‘ಗಮನಿಸಲ್ಪಟ್ಟಿದೆ’, ‘ಪರಿಗಣಿಸಲಾಗುತ್ತದೆ’ ಮಾದರಿಯ ವಾಕ್ಯಗಳು. ಕಾಗದದ ಮೇಲೆ ಅವು ಚೆನ್ನಾಗೇ ಕಾಣುತ್ತವೆ. ಬಾಯಲ್ಲಿ ಅಷ್ಟು ಉದ್ದದ ವಾಕ್ಯ ಶುರು ಮಾಡಿದರೆ ನಡುವೆ ಉಸಿರು ಸಿಕ್ಕಿಕೊಳ್ಳುತ್ತೆ, ಕ್ರಿಯಾಪದ ಎಲ್ಲಿಟ್ಟೆ ಅಂತ ಮರೆತುಹೋಗುತ್ತೆ. ಹಿಂದೆ ಹೋಗಿ ಮತ್ತೆ ಶುರು ಮಾಡುತ್ತಿದ್ದಳು. ಯಂತ್ರವಿರಲಿ ಮನುಷ್ಯರಿರಲಿ, ತಡವರಿಕೆ ಎಂದು ಲೆಕ್ಕ ಹಾಕುವುದು ಇದನ್ನೇ.

ಅಭ್ಯಾಸವನ್ನು ಹೀಗೆ ಇಟ್ಟುಕೊಂಡಳು. ದಿನಾ ಎಂಎಸ್ಸಿ ನೋಟ್ಸಿನಿಂದ ಒಂದು ವಿಷಯ ತೆಗೆದುಕೊಂಡು ಒಂದು ನಿಮಿಷ ಇಂಗ್ಲಿಷಿನಲ್ಲಿ ಹೇಳುವುದು. ಒಂದು ವಾಕ್ಯಕ್ಕೆ ಒಂದೇ ಮಾತು. ಬರೆದುಕೊಳ್ಳುವಂತಿಲ್ಲ. ಮೊದಲು ಸೋಮವಾರದ ಸಂತೆಯಲ್ಲಿ ಏನು ಕೊಂಡೆ ಎಂದು ಹೇಳುವಷ್ಟು ಸಣ್ಣ ಸಣ್ಣ ವಾಕ್ಯ, ಆಮೇಲೆ ಬೇಕಿದ್ದರೆ ಜೋಡಿಸುವುದು. ಪಿಯುಸಿ ಓದುವ ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಟೈಟ್ರೇಷನ್ ಹೇಳಿಕೊಟ್ಟಳು, ಇಂಗ್ಲಿಷಿನಲ್ಲೇ. “ಅಕ್ಕಾ, ಬ್ಯೂರೆಟ್ಟಿಂದ ನಿಧಾನ ಬಿಡ್ಬೇಕು ಅಂತ ಯಾಕೆ?” ಎಂದು ಅವನು ನಡುವೆ ಕೇಳಿದಾಗ ಅವಳು ಕೊಟ್ಟ ಇಂಗ್ಲಿಷ್ ಉತ್ತರ ಆ ವಾರದ ಎಲ್ಲ ರೆಕಾರ್ಡಿಂಗಿಗಿಂತ ಚೆನ್ನಾಗಿತ್ತು. ಪ್ರಶ್ನೆ ಕೇಳುವವರು ಎದುರಿಗಿದ್ದರೆ ಅವಳ ಮಾತು ಬೇರೆಯೇ ಆಗುತ್ತಿತ್ತು. ಆದರೆ ಬರೆಯಬೇಕಿದ್ದದ್ದು ಮೈಕಿನ ಪರೀಕ್ಷೆ.

ಮಾರ್ಚಿನಲ್ಲಿ ಮತ್ತೆ ಬರೆದಳು. ಓದು 26, ಕೇಳುವುದು 25, ಮಾತು 23, ಬರಹ 25. ಒಟ್ಟು 99.

ಒಂದು ಅಂಕ! ಅಷ್ಟು ಸಿಟ್ಟು ಬಂತು ನನಗೆ. ಯಾವ ಪರೀಕ್ಷೆಗೂ ಒಂದು ಅಳತೆಯ ತಪ್ಪು ಇರುತ್ತೆ. ಅದೇ ವ್ಯಕ್ತಿ ಮರುದಿನ ಬರೆದರೆ ಅಂಕ ಅತ್ತಿತ್ತ ಆಗುತ್ತೆ. ಆಗಿನ ಟೋಫೆಲ್ ಮಾತಿನ ಭಾಗದಲ್ಲಿ ಈ ಅತ್ತಿತ್ತ ಒಂದು ಅಂಕಕ್ಕಿಂತ ದೊಡ್ಡದಿತ್ತು. ಅಂದರೆ 23ಕ್ಕೂ 24ಕ್ಕೂ ನಡುವೆ ಪರೀಕ್ಷೆಯೇ ಖಚಿತವಾಗಿ ಹೇಳಬಲ್ಲ ವ್ಯತ್ಯಾಸ ಇಲ್ಲ. ಇಟಿಎಸ್ ಕೂಡ 20ರಿಂದ 24ರವರೆಗೆ ಒಂದೇ ಹಂತದಲ್ಲಿ ಇಡುತ್ತಿತ್ತು. ಆದರೂ ಗೆರೆ ಅಂದಮೇಲೆ ಗೆರೆ. ಎಲ್ಲೋ ಒಂದು ಕಡೆ ಎಳೆಯಲೇಬೇಕು ಅನ್ನುವ ವಾದವೂ ನನಗೆ ಅರ್ಥವಾಗುತ್ತೆ, ಆ ದಿನ ಅರ್ಥವಾಗಲಿಲ್ಲ ಅಷ್ಟೇ.

ಮೂರನೇ ಸಲ ಬರೆಯುವುದು ಬೇಡ ಎಂದೆ. ಏಪ್ರಿಲ್ 15 ಹತ್ತಿರ ಬರುತ್ತಿತ್ತು. ಅಮೆರಿಕದ ಬಹಳಷ್ಟು ಗ್ರಾಜುಯೇಟ್ ಸ್ಕೂಲುಗಳು ಒಪ್ಪಿಕೊಂಡಿರುವ ತಾರೀಕು ಅದು. ಹಣದ ಸಹಾಯದ ಜೊತೆ ಸೀಟು ಸಿಕ್ಕವರು ಹೂಂ ಅಥವಾ ಉಹೂಂ ಎಂದು ಹೇಳಲು ಆ ದಿನದವರೆಗೆ ಸಮಯ ಇರುತ್ತೆ, ಅದಕ್ಕೂ ಮೊದಲು ಒತ್ತಾಯ ಮಾಡುವಂತಿಲ್ಲ. ವಿಭಾಗದವರೂ ಆ ಹೊತ್ತಿಗೆ ಯಾರು ಬರುತ್ತಾರೆ, ಯಾರಿಗೆ ಯಾವ ಕೆಲಸ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಕೇಳಬೇಕಾದದ್ದನ್ನು ಕೇಳಲು ಅದೇ ಸಮಯ.

ಅವಳು ಬರೆದ ಮೇಲ್ ಸಣ್ಣದು. ಬೇಡಿಕೊಂಡಿರಲಿಲ್ಲ, ಹಳ್ಳಿಯ ಕಷ್ಟ ಹೇಳಿಕೊಂಡಿರಲಿಲ್ಲ. 20 ಇದ್ದದ್ದು 23 ಆಗಿದೆ, ಅಂಕಪಟ್ಟಿ ಇಟ್ಟಿದ್ದೇನೆ. ಕ್ಯಾಂಪಸ್ಸಿಗೆ ಬಂದ ಮೇಲೆ ನಿಮ್ಮ ಮಾತಿನ ಪರೀಕ್ಷೆ ತೆಗೆದುಕೊಳ್ಳಲು ಸಿದ್ಧ. ಅದು ಪಾಸಾಗುವವರೆಗೆ ಮಕ್ಕಳ ಎದುರು ನಿಲ್ಲದ ಬೇರೆ ಕೆಲಸ ಏನಾದರೂ ಕೊಡಬಹುದೇ? ಇಷ್ಟೇ. ಕೊನೆಯ ಪ್ರಶ್ನೆಯೇ ಮುಖ್ಯ. ಲ್ಯಾಬ್ ವರದಿ ತಿದ್ದುವುದು, ಪರೀಕ್ಷೆ ಪೇಪರ್ ತಿದ್ದುವುದು ಇಂಥ ಕೆಲಸಗಳು ದೊಡ್ಡ ವಿಭಾಗಗಳಲ್ಲಿ ಇರುತ್ತವೆ. ಅವುಗಳಿಗೆ ಮಾತಿನ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ.

ಒಪ್ಪಿದರು. ಮೊದಲ ಸೆಮಿಸ್ಟರ್ ಪೇಪರ್ ತಿದ್ದುವ ಕೆಲಸ, ಅದೇ ಸ್ಟೈಪೆಂಡ್. ಬಂದ ವಾರದಲ್ಲೇ ಕ್ಯಾಂಪಸ್ ಪರೀಕ್ಷೆ. ಅದರಲ್ಲಿ ಕಡಿಮೆ ಬಂದರೆ ಹೊರದೇಶದ ಟಿಎಗಳಿಗಾಗಿ ಇರುವ ಇಂಗ್ಲಿಷ್ ಕೋರ್ಸ್ ತೆಗೆದುಕೊಳ್ಳಬೇಕು. ಎರಡನೇ ಸೆಮಿಸ್ಟರಿನೊಳಗೆ ಪಾಸಾಗಬೇಕು, ಇಲ್ಲದಿದ್ದರೆ ಹಣದ ಬಗ್ಗೆ ಭರವಸೆ ಇಲ್ಲ. ಈ ಕೊನೆಯ ಸಾಲನ್ನು ಅವಳ ಅಪ್ಪ ಎರಡು ಸಲ ಓದಿಸಿಕೊಂಡು ಕೇಳಿದರು, “ಅಂದ್ರೆ ವಾಪಸ್ ಕಳಿಸ್ತಾರೇನಮ್ಮ?” ಅಂತ. ಕಳಿಸಬಹುದು ಎಂದೇ ಅವಳು ಹೇಳಿದಳು.

ಐ-20 ಬಂತು, ಸ್ಟೈಪೆಂಡ್ ಮೊತ್ತ ಅದರಲ್ಲೇ ಇತ್ತು. ವೀಸಾ ಸಂದರ್ಶನ ಚೆನ್ನೈನಲ್ಲಿ. ಅಲ್ಲಿ ಕೇಳಿದ್ದು ಏನು ಓದುತ್ತೀಯ, ಹಣ ಯಾರದ್ದು ಎಂದು, ಎರಡು ಮೂರು ನಿಮಿಷ. ಅದರ ಬಗ್ಗೆ ಜಾಸ್ತಿ ಹೇಳುವುದಕ್ಕೇನೂ ಇಲ್ಲ.

ಆಗಸ್ಟಿನ ಕ್ಯಾಂಪಸ್ ಪರೀಕ್ಷೆ ಮಾತ್ರ ಹೇಳಬೇಕಾದದ್ದು. ಮೈಕ್ ಅಲ್ಲ, ಒಂದು ಕೋಣೆ, ಬೋರ್ಡು, ಇಬ್ಬರು ಪರೀಕ್ಷಕರು, ಒಬ್ಬ ಪದವಿ ವಿದ್ಯಾರ್ಥಿ. ಹತ್ತು ನಿಮಿಷ ತನ್ನ ವಿಷಯದ ಒಂದು ಪರಿಕಲ್ಪನೆಯನ್ನು ಪಾಠ ಮಾಡಬೇಕು, ನಡುವೆ ಅವರು ಪ್ರಶ್ನೆ ಕೇಳುತ್ತಾರೆ. ಅವಳು ಬಫರ್ ದ್ರಾವಣ ತೆಗೆದುಕೊಂಡಳು. ಷರತ್ತಿನ ಮೇಲೆ ಪಾಸ್ ಮಾಡಿದರು: ಒಂದು ಸೆಮಿಸ್ಟರ್ ಕೋರ್ಸ್ ಮುಗಿಸಿ, ಆಮೇಲೆ ಲ್ಯಾಬ್. ಅವರು ಬರೆದುಕೊಟ್ಟ ಟಿಪ್ಪಣಿಯಲ್ಲಿ ಉಚ್ಚಾರದ ಬಗ್ಗೆ ಒಂದೇ ಸಾಲು ಇತ್ತು. ಉಳಿದದ್ದು ಬೋರ್ಡಿಗೆ ಮುಖ ಮಾಡಿ ಮಾತಾಡಬೇಡ, ಪ್ರಶ್ನೆ ಕೇಳಿದವರ ಮಾತು ಮುಗಿಯುವ ಮೊದಲೇ ತಲೆಯಾಡಿಸಬೇಡ, ಗೊತ್ತಾಗದಿದ್ದರೆ ಮತ್ತೆ ಕೇಳು, ಇಂಥವು. ಅದರಲ್ಲಿ ಅರ್ಧ ನಮ್ಮ ಕಾಲೇಜುಗಳ ಕನ್ನಡ ಪಾಠಕ್ಕೂ ಅನ್ವಯಿಸುತ್ತೆ. 2025ರ ಜನವರಿಯಿಂದ ಅವಳು ಲ್ಯಾಬ್ ನಡೆಸುತ್ತಿದ್ದಾಳೆ.

ಈಗ ಅರ್ಜಿ ಹಾಕುವವರಿಗೆ ಈ ಪ್ರಕರಣದ ಅಂಕಗಳು ಹಾಗೆಯೇ ಸಿಗುವುದಿಲ್ಲ. 2026ರ ಜನವರಿ 21ರಿಂದ ಟೋಫೆಲ್ ಬದಲಾಗಿದೆ. ಅಂಕ ಈಗ 1ರಿಂದ 6ರವರೆಗೆ, ಅರ್ಧ ಅರ್ಧ ಹಂತದಲ್ಲಿ. ಒಟ್ಟು ಅಂಕವನ್ನು ಹಳೆಯ 120ರ ಅಳತೆಯಲ್ಲೂ ಎರಡು ವರ್ಷ ಜೊತೆಗೆ ಕೊಡುತ್ತಾರೆ. ಮಾತಿನ ಭಾಗದಲ್ಲಿ ಹಳೆಯ ನಾಲ್ಕು ಪ್ರಶ್ನೆ ಇಲ್ಲ. ಕೇಳಿದ ವಾಕ್ಯವನ್ನು ಹಾಗೇ ಮರಳಿ ಹೇಳುವುದು, ಆಮೇಲೆ ಒಂದು ಸಣ್ಣ ಸಂದರ್ಶನಕ್ಕೆ ಉತ್ತರ ಕೊಡುವುದು, ಇಷ್ಟೇ. ಸಂದರ್ಶನ ಈ ಹುಡುಗಿಗೆ ಅನುಕೂಲವಾಗುತ್ತಿತ್ತು ಅನಿಸುತ್ತೆ.

ಹಾಗಾಗಿ ವಿಭಾಗದ ಕೈಪಿಡಿಯಲ್ಲಿ ಇನ್ನೂ 24 ಎಂದೇ ಕಂಡರೆ, ಹೊಸ ಅಳತೆಯಲ್ಲಿ ಅದು ಎಷ್ಟು ಎಂದು ಪರೀಕ್ಷೆ ಬುಕ್ ಮಾಡುವ ಮೊದಲೇ ಮೇಲ್ ಮಾಡಿ ಕೇಳಿ. ಜೊತೆಗೆ ಇನ್ನೂ ಎರಡು ಪ್ರಶ್ನೆ ಸೇರಿಸಿ: ಟಿಎಗೆ ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಿಂದ ಪ್ರತಿ ಭಾಗದ ಅತಿ ಹೆಚ್ಚಿನ ಅಂಕವನ್ನು ಸೇರಿಸಿ ನೋಡುತ್ತೀರಾ, ಮಾತಿನ ಅಂಕ ಕಡಿಮೆ ಇದ್ದವರಿಗೆ ಮೊದಲ ಸೆಮಿಸ್ಟರ್ ಏನು ಕೆಲಸ ಕೊಡುತ್ತೀರಿ. ಮೇಲ್ ಹೋಗಬೇಕಾದದ್ದು ಅಡ್ಮಿಷನ್ ಕಚೇರಿಗೆ ಅಲ್ಲ, ವಿಭಾಗದ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ. ಟಿಎ ಪಟ್ಟಿ ಇರುವುದು ಅವರ ಹತ್ತಿರ.